ಟೀಚರ್ ತಿನ್ನದ ಮಾಂಸ

ನೀವು ಇದನ್ನು ನಂಬುವುದಿಲ್ಲ. ನಂಬಲೇಬೇಕೆಂದು ನಾನೂ ಹಟ ಹಿಡಿಯುವುದಿಲ್ಲ. ನನ್ನ ಮಾತು ನಂಬಿ ಕೆಟ್ಟವರು ಬೈಲಹೊಂಗಲದ ಓಣಿಗೊಬ್ಬರಂತೆ ಸಿಗುತ್ತಾರೆ. ಆದರೆ ಹೊಟ್ಟೆಯೊಳಗಿನ ಒಂದು ಕೂಸು ಉಳಿಯಬೇಕೋ ಬೇಡವೋ ಎಂಬುದು, ಅದರ ತಾಯಿ ಎಂದಾದರೂ ಕುರಿ ಮಾಂಸ ತಿಂದಿದ್ದಳೋ ಇಲ್ಲವೋ ಎಂಬ ಪ್ರಶ್ನೆಯ ಮೇಲೆ ಬಂದು ನಿಂತದ್ದನ್ನು ನಾನು ನಮ್ಮ ಮನೆಯ ಪಡಸಾಲೆಯಲ್ಲೇ ನೋಡಿದೆ. ಕೈಯಲ್ಲಿ ಚಹಾದ ತಾಟಿತ್ತು. ಯಾರೂ ಮುಟ್ಟಲಿಲ್ಲ. ಚಹಾ ಆರಿ ಮಂಜುಗಡ್ಡೆಯಾಯಿತು. ಮಂಜುಗಡ್ಡೆ ಎಂಬುದು ಮಾತ್ರ ನಾನು ಸೇರಿಸಿದ್ದು. ಉಳಿದದ್ದೆಲ್ಲ ನಡೆದದ್ದು.

ಆ ತಾಯಿ ನಮ್ಮ ವಿಜ್ಞಾನದ ಟೀಚರ್. ನಮ್ಮ ಮನೆಯ ಮಾಳಿಗೆಯ ಮೇಲೆ ಬಾಡಿಗೆಗಿದ್ದರು. ಮೊನ್ನೆ ರಾಮದುರ್ಗದ ಕಡೆ ವರ್ಗವಾಗಿ ಹೋದರು. ಬೀಳ್ಕೊಡುವ ಸಭೆಯಲ್ಲಿ ಹೆಡ್‌ಮಾಸ್ತರರು, "ಮೇಡಂ ಅವರು ಸಾವಿರಾರು ಮಕ್ಕಳ ಬಾಳು ಬೆಳಗಿದರು" ಎಂದು ಗದ್ಗದಿತರಾದರು. ವೇದಿಕೆಯ ಮೇಲೆ ಹಾರ ಹಾಕಿಕೊಂಡು ಕುಳಿತಿದ್ದ ಟೀಚರ್ ತುಟಿ ಅಲುಗಿಸುತ್ತಿದ್ದರು. ಎಲ್ಲರೂ ದುಃಖ ನುಂಗುತ್ತಿದ್ದಾರೆ ಅಂದುಕೊಂಡರು. ನನಗೆ ಗೊತ್ತು, ಅವರು ಲೆಕ್ಕ ಹಾಕುತ್ತಿದ್ದರು. ಎಷ್ಟು ಎಳೆದರೂ ಸಾವಿರ ಆಗಲಿಲ್ಲವೆಂದು ಕಾಣುತ್ತದೆ, ಮುಖ ಸಣ್ಣದಾಯಿತು.

ಅವರಿಗೂ ನನಗೂ ಅದೇ ಜಗಳ. ನಾನು ಹಿಗ್ಗಿಸುವವಳು, ಅವರು ಕುಗ್ಗಿಸುವವರು. ಒಮ್ಮೆ ತಡವಾಗಿ ಕ್ಲಾಸಿಗೆ ಹೋಗಿ, ದಾರಿಯಲ್ಲಿ ಮಾರುದ್ದ ಹಾವು ಅಡ್ಡ ಬಂತು ಎಂದೆ.

"ಯಾರ ಮಾರು? ನಿಂದೋ, ನಿಮ್ಮಪ್ಪಂದೋ?"

ನಾನು ಎರಡೂ ಕೈ ಚಾಚಿ ತೋರಿಸಿದೆ.

"ಅಷ್ಟೊತ್ತು ಅದು ಅಳತಿ ಕೊಡಾಕ ಮೈ ಚಾಚಿ ಮಲಗಿತ್ತೇನವ್ವಾ?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಪಿರಿಯಡ್ ಮುಗಿಯುವ ಹೊತ್ತಿಗೆ ನನ್ನ ಹಾವು ಕುಗ್ಗಿ ಕುಗ್ಗಿ ಎರೆಹುಳುವಾಗಿತ್ತು.

ಕಿತ್ತೂರಿಗೆ ಟ್ರಿಪ್ಪು ಹೋದಾಗ ಕೋಟೆಯೊಳಗೆ ಒಬ್ಬ ಮುದುಕ ನಮಗೆಲ್ಲ ಒಂದು ಗುಂಡಿ ತೋರಿಸಿ, "ಇಲ್ಲಿಂದ ಸುರಂಗ ಸೀದಾ ಬೆಳಗಾಂವಿ ತನಕ ಐತ್ರಿ" ಎಂದ. ನಾವೆಲ್ಲ ಬಾಯಿ ತೆರೆದೆವು. ಟೀಚರ್ ಕೇಳಿದರು, "ನೀವು ಹೋಗಿ ಬಂದೀರೇನ್ರಿ?"

"ಇಲ್ರೀ, ನಮ್ಮಜ್ಜ ಹೇಳತಿದ್ದ."

"ಅಜ್ಜಾರು ಹೋಗಿ ಬಂದಿದ್ರೇನು?"

"ಅವರಜ್ಜ ಹೇಳತಿದ್ನಂತ್ರಿ."

ಹೀಗೆ ಅವನ ವಂಶದಲ್ಲಿ ಹಿಂದೆ ಹಿಂದೆ ಹೋಗಿ, ಕೊನೆಗೆ ಆ ಮುದುಕ ಬೆವರು ಒರೆಸಿಕೊಂಡು, "ಇರಲಿಕ್ಕಿಲ್ಲ ಬಿಡ್ರಿ ಅಕ್ಕಾರ" ಎಂದುಬಿಟ್ಟ. ಬ್ರಿಟಿಷರಿಗೂ ಸಿಗದ ಸುರಂಗವನ್ನು ನಿಂತ ಕಾಲಲ್ಲಿ ಮುಚ್ಚಿದವರು ನಮ್ಮ ಟೀಚರ್.

ಮನೆಯಲ್ಲೂ ಹಾಗೇ. ಅವ್ವ ಹಬ್ಬಕ್ಕೆ ಹೋಳಿಗೆ ಕೊಟ್ಟು, "ಹೆಂಗ ಆಗ್ಯಾವ್ರಿ?" ಎಂದು ಕೇಳಿದರೆ, "ಬೆಲ್ಲ ಕಡಿಮಿ ಆಗೇತ್ರಿ" ಎನ್ನುವುದೇ! ಅವ್ವ ಬಹಳ ದಿನ ಅವರ ಜೊತೆ ಮಾತು ಬಿಟ್ಟಳು. ಆಮೇಲೆ ಬೆಲ್ಲ ಹೆಚ್ಚಿಗೆ ಹಾಕಿದಳು. ಆಮೇಲೆ ಇಬ್ಬರೂ ಅಕ್ಕ ತಂಗಿಯರಂತಾದರು.

ಅವರ ಗಂಡ ಯರಗಟ್ಟಿಯಲ್ಲಿ ಕಾಳಿನ ಅಡತಿ ಅಂಗಡಿಯ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಬಹಳ ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ ಅವರು ಮಾತಾಡಿದ್ದನ್ನು ಕೇಳಿದವರು ಯಾರೂ ಇಲ್ಲ. ಅವರ ತಾಯಿ, ಅಂದರೆ ಟೀಚರ್ ಅತ್ತೆ, ಯರಗಟ್ಟಿ ಹತ್ತಿರದ ಹೊಲದ ಮನೆಯಲ್ಲಿದ್ದರು. ಮಗನ ಕೈಯಲ್ಲಿ ಆಗಾಗ ಸೊಸೆಗೆ ಒಂದು ಚೀಲ ಹಸಿ ತಪ್ಪಲು ಕಳಿಸುತ್ತಿದ್ದರು: ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲ, ಎಳೆ ಮೂಲಂಗಿ. ನಮ್ಮ ಕಡೆ ಇವನ್ನು ಬೇಯಿಸುವುದು ಪಾಪ. ಹೊಲದಿಂದ ಕಿತ್ತು, ಮೊಣಕಾಲಿಗೆ ಎರಡು ಸಲ ಬಡಿದು ಮಣ್ಣು ಕೊಡವಿ, ರೊಟ್ಟಿಯಲ್ಲಿ ಸುತ್ತಿ, ಕಟಕಟ ತಿನ್ನುವುದು. ಟೀಚರ್ ಒಂದು ಊಟಕ್ಕೆ ಅರ್ಧ ಎಕರೆ ತಿನ್ನುತ್ತಿದ್ದರು. ವಿಜ್ಞಾನ ಕಲಿಸುವವರಲ್ಲವೇ ಎಂದು, ಒಂದು ದಿನ "ತೊಳಕೊಂಡು ತಿನ್ರಿ ಟೀಚರ್" ಎಂದೆ.

"ತೊಳದ್ರ ರುಚಿ ನೀರಪಾಲ ಆಗತೈತಿ," ಎಂದರು. ಅವರ ವಿಜ್ಞಾನ ಊಟದ ತಾಟಿನ ಅಂಚಿಗೆ ಬಂದು ನಿಲ್ಲುತ್ತಿತ್ತು.

ಇಷ್ಟರವರೆಗೆ ನಗುವ ಮಾತು.

ಟೀಚರಿಗೆ ಎರಡು ಸಲ ದಿನ ನಿಂತು, ಎರಡು ಸಲವೂ ಕೂಸು ಉಳಿದಿರಲಿಲ್ಲ. ಎರಡನೆಯ ಸಲ ನಮ್ಮ ಅವ್ವ ಮಾಳಿಗೆಗೆ ಗಂಜಿ ಒಯ್ದರೆ, ಅವರು ಗೋಡೆಗೆ ಮುಖ ಮಾಡಿ ಮಲಗಿ, "ಯಾಕ ಅಂತ ಯಾರರ ಹೇಳಿದ್ರ ಸಾಕಾಗಿತ್ರಿ ಅಕ್ಕಾರ" ಎಂದರಂತೆ. ಮೂರನೆಯ ಸಲ ದಿನ ನಿಂತಾಗ ಯಾರಿಗೂ ಹೇಳಲಿಲ್ಲ. ಆದರೆ ಮಾಳಿಗೆ ನಮ್ಮದು. ನನಗೆ ಗೊತ್ತಾಗದೆ ಆ ಮಾಳಿಗೆಯ ಮೇಲೆ ಹಲ್ಲಿಯೂ ಓಡಾಡುವುದಿಲ್ಲ.

ಅವರು ವಿಚಿತ್ರವಾಗಿದ್ದರು. ಬೈಲಹೊಂಗಲದ ಬೇಸಿಗೆಯಲ್ಲಿ, ಕಾಗೆಗಳೂ ನೆರಳು ಹುಡುಕುವ ಹೊತ್ತಿನಲ್ಲಿ, ಸ್ವೆಟರ್ ಹಾಕಿಕೊಂಡು ಕ್ಲಾಸಿಗೆ ಬರುತ್ತಿದ್ದರು. ಬೋರ್ಡಿನ ಮೇಲೆ ಎರಡು ಸಾಲು ಬರೆದು ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಧ್ವನಿ ಒಡೆದ ಕೊಳಲಾಗಿತ್ತು. ನಾನು ಆ ಧ್ವನಿಯಲ್ಲಿ ಪಾಠ ಮಾಡಿ ತೋರಿಸಿ ಹುಡುಗಿಯರಿಂದ ಪೇರಲಹಣ್ಣು ಗಳಿಸಿದ್ದೇನೆ. ಕೊರಳಿಗೆ ಒತ್ತಿ ಕೂರುವ ಚಿನ್ನದ ಟೀಕಿ ಸರದ ದಾರವನ್ನು ಎರಡು ಸಲ ಉದ್ದ ಮಾಡಿಸಿದರು. ಬಸುರಿಗೆ ಹೊಟ್ಟೆ ದಪ್ಪವಾಗುವುದು ಕೇಳಿದ್ದೆವು, ಕೊರಳು ದಪ್ಪವಾಗುವುದು ಕೇಳಿರಲಿಲ್ಲ. ಕಂಡರೂ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೇಗೋ ಸುದ್ದಿ ತಿಳಿದು ಅತ್ತೆ ಬಂದು ಅವರನ್ನು ಊರ ಒಂದು ಆಸ್ಪತ್ರೆಗೆ ಕರೆದೊಯ್ದರು. ಹಿಂದಿನ ಎರಡು ಯಾಕೆ ಹೋದವು ನೋಡೋಣ ಎಂದು ಅಲ್ಲಿ ರಕ್ತ ತೆಗೆದರು. ರಕ್ತದಲ್ಲಿ ಒಂದು ಹುಳದ ಗುರುತು ಸಿಕ್ಕಿತು. ಕಣ್ಣಿಗೆ ಕಾಣದ ಹುಳ. ಅಲ್ಲಿಯ ಡಾಕ್ಟರ್, ಹೊರಗೆ ಪೇಶಂಟುಗಳ ಸಾಲು ನೋಡುತ್ತ, "ಇದು ಬೆಕ್ಕಿನಿಂದ ಬರತೈತಿ, ಇಲ್ಲಾಂದ್ರ ಅರಬೆಂದ ಮಾಂಸದಿಂದ. ಕೂಸಿನ ಕಣ್ಣಿಗೆ, ಮಿದುಳಿಗೆ ಹೋಗಬಹುದು" ಎಂದು ಹೇಳಿ ಗಂಟೆ ಒತ್ತಿದರು.

ಬೆಕ್ಕು ಅತ್ತೆಗೆ ಆಗುವುದಿಲ್ಲ. ಅವರ ಹೊಲದ ಮನೆಯ ಸುತ್ತ ಬೆಕ್ಕು ಸುಳಿದರೆ ಅವರ ಕೈಯ ಕಟ್ಟಿಗೆ ಮೊದಲು ಮಾತಾಡುತ್ತದೆ. ನಮ್ಮ ಮನೆಯಲ್ಲೂ ಬೆಕ್ಕಿಲ್ಲ. ಹಾಗಾದರೆ ಉಳಿದದ್ದು?

ಹುಟ್ಟಿದ ಕೂಸಿಗೂ ಲಿಂಗ ಕಟ್ಟುವ ಮನೆತನ ಅದು. ಅಲ್ಲಿ ಈ ಮಾತು ತೊಟ್ಟಿಲಲ್ಲಿ ಚೇಳು ಬಿದ್ದಂತೆ ಬಿತ್ತು.

"ಧಾರವಾಡದಾಗ ಹಾಸ್ಟೆಲ್ಲಿನ್ಯಾಗ ಇದ್ದಿ. ಅಲ್ಲೇ ತಿಂದಿ. ಖರೇ ಹೇಳು," ಎಂದರು ಅತ್ತೆ.

"ಇಲ್ರೀ ಅತ್ತಿ."

"ಗೆಳತ್ಯಾರು ತಿನಿಸಿರಬೇಕು."

"ಇಲ್ರೀ."

"ಒಂದ ತುತ್ತು?"

"ಇಲ್ರೀ ಅತ್ತಿ. ಒಂದ ತುತ್ತೂ ಇಲ್ಲ."

ಅವ್ವನಿಗೆ ತಡೆಯಲಿಲ್ಲ. ಟೀಚರನ್ನು ಕರೆದುಕೊಂಡು ಧಾರವಾಡದ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಹೋದಳು. ಬುತ್ತಿ ಹೊರಲು ನಾನು. ಆ ಡಾಕ್ಟರ್ ರಿಪೋರ್ಟ್ ಕೈಗೆ ತೆಗೆದುಕೊಳ್ಳುವ ಮೊದಲು ಟೀಚರ್ ಕೊರಳು ನೋಡಿದರು. ಒಂದು ಲೋಟ ನೀರು ಕೊಟ್ಟು, "ಗುಟುಕು ಗುಟುಕು ಕುಡೀರಿ" ಎಂದು ಗಂಟಲಿಗೆ ಬೆರಳಿಟ್ಟರು. ನೀರು ಇಳಿದಾಗ ಕೊರಳಲ್ಲಿ ಒಂದು ಉಬ್ಬು ಮೇಲೆ ಹೋಗಿ ಕೆಳಗೆ ಬಂತು. ನನಗೆ ನಗು ಬರಲಿಲ್ಲ. ಅದು ಅಪರೂಪ.

ಮತ್ತೆ ರಕ್ತ ಕೊಟ್ಟು, ಕೆಲವು ದಿನ ಬಿಟ್ಟು ಮತ್ತೆ ಹೋದೆವು. ಡಾಕ್ಟರ್ ಹೇಳಿದರು, "ಈ ಹುಳದ ಗುರ್ತು ಹಳೇದು. ಯಾವಾಗೋ ಹೊಕ್ಕೇತಿ, ಈಗ ಮಲಗೇತಿ. ಭಾಳ ಮಂದಿ ಮೈಯಾಗ ಇರತೈತಿ, ಗೊತ್ತೂ ಆಗೂದಿಲ್ಲ. ಇಷ್ಟ ಹಳೇದು ಕೂಸಿಗೆ ದಾಟೂದು ಭಾಳ ಅಪರೂಪ. ನನಗ ಕಾಳಜಿ ಇರೋದು ನಿಮ್ಮ ಕೊರಳಿಂದು. ನಿಮ್ಮ ರಕ್ತದಾಗಿನ ಕಾವಲಿನವರು ಕಳ್ಳನ್ನ ಬಿಟ್ಟು ಮನಿ ಯಜಮಾನನ್ನ ಬಡ್ಯಾಕ ಹತ್ಯಾರ. ಥೈರಾಯ್ಡ್ ಸೊರಗೇತಿ. ಕೂಸು ನಿಲ್ಲಾಕ ಅದು ಬೇಕು."

"ಹುಳ ಎಲ್ಲಿಂದ ಬಂದಿರಬೇಕ್ರಿ? ನಾ ಮಾಂಸ ತಿಂದಿಲ್ಲ," ಎಂದರು ಟೀಚರ್.

"ಹಸಿ ತಪ್ಪಲ ತಿಂತೀರಿ? ತೊಳದ?"

ಟೀಚರ್ ನನ್ನ ಕಡೆ ನೋಡಿದರು. ನಾನು ಫ್ಯಾನು ನೋಡಿದೆ.

"ಮಣ್ಣಿನ್ಯಾಗ ಇರತೈತ್ರಿ ಅದು. ಯಾವುದೋ ಬೆಕ್ಕು ಯಾವಾಗೋ ಹೊಲದಾಗ ಹೇತಿರತೈತಿ, ಅಷ್ಟ. ಈ ಗುಳಿಗಿ ದಿನಾ ಮುಂಜಾನೆ ಬರೀ ಹೊಟ್ಟಿಲೆ. ಬಿಡಬ್ಯಾಡ್ರಿ."

"ಈ ಸಲ ಕೂಸು ಉಳಿತೈತ್ರಿ? ಖಾತ್ರಿ?"

"ಖಾತ್ರಿ ಯಾರೂ ಕೊಡಾಕ ಬರೂದಿಲ್ಲ. ಮೊದಲಿಗಿಂತ ಚೊಲೊ ಅಂತ ಹೇಳತೇನಿ."

ಬಸ್ಸಿನಲ್ಲಿ ಟೀಚರ್ ಬಹಳ ದಿನಗಳ ಮೇಲೆ ನಕ್ಕರು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ ಮೊದಲನೇ ಡಾಕ್ಟರ್ ನೋಡ್ರಿ ಅಕ್ಕಾರ," ಎಂದರು. ಅದಕ್ಕೇ ಅವರು ಆ ಡಾಕ್ಟರನ್ನು ನಂಬಿದರು. ಅದಕ್ಕೇ ಅತ್ತೆ ನಂಬಲಿಲ್ಲ.

"ಖಾತ್ರಿ ಇಲ್ಲಂತ ಆಕೀನ ಹೇಳ್ಯಾಳ!" ಎಂದು ಅತ್ತೆ ಎದೆ ಬಡಿದುಕೊಂಡರು. "ಮತ್ತ ನಮ್ಮ ಹೊಲದ ತಪ್ಪಲಕ್ಕ ಹೆಸರ ಇಡತೀರಿ? ನಾ ಕೈಯಾರ ಕಿತ್ತು ಕಳಿಸಿದ್ದು! ನಾ ನನ್ನ ಮೊಮ್ಮಕ್ಕಳನ್ನ ಕೊಂದೇನೇನು?"

ಅತ್ತೆ ಕೆಟ್ಟವರಲ್ಲ. ಅವರ ತವರಿನ ಓಣಿಯಲ್ಲಿ ಒಂದು ಕುರುಡು ಕೂಸಿತ್ತು, ತಾಯಿ ಸತ್ತಿದ್ದಳು. ಅದು ಹೊಸ್ತಿಲ ಮೇಲೆ ಕುಳಿತು ದಾರಿಯಲ್ಲಿ ಹೋಗುವವರ ಹೆಜ್ಜೆ ಕೇಳಿ "ಅವ್ವಾ" ಎನ್ನುತ್ತಿತ್ತಂತೆ. ಅದನ್ನು ಹೇಳುವಾಗ ಅವರ ಗಲ್ಲ ನಡುಗುತ್ತಿತ್ತು. ಅವರ ಲೆಕ್ಕ ಸರಳವಾಗಿತ್ತು. ಸೊಸೆ ತಿಂದದ್ದನ್ನು ಒಪ್ಪಿಕೊಂಡರೆ, ಮಠದ ಅಜ್ಜಾರ ಮುಂದೆ ತಪ್ಪುಕಾಣಿಕೆ ಇಟ್ಟು ಶುದ್ಧಿ ಮಾಡಿಸಿದರೆ, ಹುಳದ ದೋಷ ಹೋಗುತ್ತದೆ, ಕೂಸು ಇರಲಿ. ಒಪ್ಪಿಕೊಳ್ಳದಿದ್ದರೆ ದೋಷ ಒಳಗೇ ಉಳಿಯಿತು. ಕುರುಡು ಕೂಸು ಹುಟ್ಟುವುದಕ್ಕಿಂತ ಈಗಲೇ ತೆಗೆಸಿಬಿಡುವುದು ಒಳ್ಳೆಯದು.

ಈ ಲೆಕ್ಕಕ್ಕೆ ಎಣ್ಣೆ ಹೊಯ್ದವರು ಅತ್ತೆಯ ಅಣ್ಣ, ಸವದತ್ತಿಯ ಮಾವ. ಹಿಂದೆ ಔಷಧ ಅಂಗಡಿಯಲ್ಲಿ ಡಬ್ಬಿ ಜೋಡಿಸುತ್ತಿದ್ದವರು. ಆ ಡಬ್ಬಿಗಳ ಮೇಲಿನ ವಿದ್ಯೆಯೆಲ್ಲ ತಲೆಗೆ ಹತ್ತಿತ್ತು. "ಕೊರಳ ಬಾವು ಎಲ್ಲಾರಿಗೂ ಬರತೈತಿ. ಹುಳ ಬ್ಯಾರೆ ಮಾತು," ಎಂದು ಹೇಳಿ, ಸವದತ್ತಿಯಲ್ಲಿ ಎಲ್ಲೋ ಮಾತಾಡಿ ಬಂದರು. ನಾಳೆ ಮುಂಜಾನೆ ಬಸ್ಸಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಬರದಿದ್ದರೆ ಮಗನನ್ನು ಯರಗಟ್ಟಿಗೆ ಕರೆದುಕೊಂಡು ಹೋಗುತ್ತೇವೆ, ಇಲ್ಲಿಗೆ ಸಂಬಂಧ ಮುಗಿಯಿತು ಎಂದರು ಅತ್ತೆ. ಮಗ ನೆಲ ನೋಡಿದರು. ನಮ್ಮ ನೆಲ ಅಷ್ಟು ಚೆಂದವಿಲ್ಲ.

ಆ ಮಧ್ಯಾಹ್ನ ನಾನು ಮಾಳಿಗೆಗೆ ಓಡಿದೆ. ಟೀಚರ್ ಒಣಹಾಕಿದ ಸೀರೆಯ ಹಿಂದೆ ನಿಂತಿದ್ದರು.

"ಟೀಚರ್, ಹೂಂ ಅಂದಬಿಡ್ರಿ. ಒಂದ ತುತ್ತು ಅಷ್ಟ. ನಾ ಕಥಿ ಮಾಡಿ ಕೊಡತೇನಿ. ಹಾಸ್ಟೆಲ್ಲು, ಕತ್ತಲಿ, ಹಲಸಿನಕಾಯಿ ಪಲ್ಯ ಅಂತ ತಿಳದು ತಿಂದ್ರಿ. ಅತ್ತಿ ಅತ್ತು ಸುಮ್ಮನಾಗತಾರ. ಅಜ್ಜಾರ ಮುಂದ ಒಂದ ಕಾಯಿ ಒಡದು ಬಂದ್ರ ಮುಗೀತು."

"ಹಲಸಿನಕಾಯಿ," ಎಂದರು. ನಗಲಿಲ್ಲ. "ಕಥಿ ಚಂದ ಮಾಡೀದಿ. ಆದ್ರ ಹೂಂ ಅಂದ್ರ ಏನ್ ಆಗತೈತಿ ಗೊತ್ತೈತೇನು? ಹೋದ ಎರಡನ್ನೂ ನಾನ ತಿಂದಂಗ ಆಗತೈತಿ. ಇದಕ್ಕ ಏನರ ಆದ್ರ ಇದನ್ನೂ. ಸಾಯೂ ತನಕ ಆಕೀನ ತಿಂದ್ಲು ಅಂತ. ನಾ ತಿಂದಿಲ್ಲವ್ವಾ. ನಾನರ ಹೇಳಬೇಕಲ್ಲ, ನಾ ತಿಂದಿಲ್ಲಂತ."

"ಹಂಗಾರ ನಾಳೆ ಸವದತ್ತಿಗೆ ಹೊಕ್ಕೀರೇನು?"

ಅವರು ಸೀರೆಯ ಅಂಚನ್ನು ಹಿಂಡಿದರು. ಅದು ಆಗಲೇ ಒಣಗಿತ್ತು.

ಕೆಳಗೆ ಪಡಸಾಲೆಯಲ್ಲಿ ಪಂಚಾಯ್ತಿ ಕೂಡಿತು. ಅತ್ತೆ ಚಾಪೆಯ ಮೇಲೆ, ಮಾವ ಕುರ್ಚಿಯ ಮೇಲೆ, ಗಂಡ ಕಂಬಕ್ಕೆ ಒರಗಿ, ಟೀಚರ್ ಗೋಡೆಗೆ, ನಾನು ಚಹಾದ ತಾಟಿನ ಹಿಂದೆ. ಅವ್ವ ಮತ್ತೆ ಮತ್ತೆ ಬಾಗಿಲಿಗೆ ಹೋಗಿ ದಾರಿ ನೋಡುತ್ತಿದ್ದಳು. ಮುಂಜಾನೆ ಅವಳು ಉಪ್ಪು ತರುತ್ತೇನೆಂದು ಹೇಳಿ ಎಸ್‌ಟಿಡಿ ಬೂತಿಗೆ ಹೋಗಿ ಬಂದದ್ದು ನನಗೊಬ್ಬಳಿಗೇ ಗೊತ್ತಿತ್ತು. ಟೀಚರ್ ತವರೂರು ಸಾಲಹಳ್ಳಿ. ಅಲ್ಲಿಯ ಕಿರಾಣಿ ಅಂಗಡಿಯ ಫೋನಿಗೆ ಅವರ ಅಪ್ಪನನ್ನು ಕರೆಸಿ ಎಲ್ಲವನ್ನೂ ಹೇಳಿದ್ದಳು.

"ಕಡೀ ಸಲ ಕೇಳತೇನಿ," ಎಂದರು ಅತ್ತೆ. ಅವರ ಧ್ವನಿ ಸೋತಿತ್ತು. "ನಿನ್ನ ಕಾಲ ಬೀಳತೇನಿ ತಂಗೀ, ಹೂಂ ಅನ್ನು. ಕೂಸು ಇರಲಿ."

ಟೀಚರ್ ಬಾಯಿ ತೆರೆದರು. ಅವರ ತುಟಿ ಒಣಗಿತ್ತು. ಗಂಡ ತಲೆ ಎತ್ತಿದರು. "ಅತ್ತಿ, ನಾ..." ಎಂದರು ಟೀಚರ್.

ಬಾಗಿಲಲ್ಲಿ ಬಿಳಿ ಪಟಗ ಸುತ್ತಿದ ಒಂದು ತಲೆ ಬಗ್ಗಿ ಒಳಗೆ ಬಂತು.

ಟೀಚರ್ ಅಪ್ಪ. ಹಣೆಯ ತುಂಬ ವಿಭೂತಿ. ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ತತ್ತಿ ಬೇಯಿಸುತ್ತಾರೆಂದು ಸಾಲಹಳ್ಳಿಯಿಂದ ಇಲ್ಲಿಯವರೆಗೆ ನೀರನ್ನೂ ಮುಟ್ಟದೆ ಬರುವ ಮನುಷ್ಯ. ಚಪ್ಪಲಿ ಬಿಟ್ಟರು, ಕೂರಲಿಲ್ಲ.

"ಬೀಗತಿ," ಎಂದರು. "ಆಕೀನ ಕೇಳಬ್ಯಾಡ್ರಿ. ಆಕೀಗೆ ಗೊತ್ತಿಲ್ಲ. ಮಾಂಸ ತಿನಿಸಿದಾಂವ ನಾನು."

ಅತ್ತೆಯ ಸೆರಗು ಬಾಯಿಗೆ ಹೋಯಿತು.

"ಆಕಿ ಸಣ್ಣಾಕಿದ್ದಾಗ ಚಕ್ಕಡಿಯಿಂದ ಬಿದ್ದು ಬಲಗಾಲ ಮುರಕೊಂಡ್ಲು. ಎಲುಬು ಕೂಡವಲ್ಲದು. ಎಲುಬು ಕಟ್ಟಾಂವ ಕುರಿಕಾಲ ರಸಾ ಕುಡಸು ಅಂದ. ಕುಡಿಸಿದೆ. ಬ್ಯಾಳಿಕಟ್ಟು ಅಂತ ಸುಳ್ಳ ಹೇಳಿ ಕುಡಿಸಿದೆ. ಆಕಿ ತಾಯಿಗೂ ಹೇಳಿಲ್ಲ. ತಪ್ಪುಕಾಣಿಕಿ ನಾ ಇಡತೇನಿ, ಅಜ್ಜಾರ ಮುಂದ ಅಡ್ಡ ನಾ ಬೀಳತೇನಿ. ಕೂಸಿನ್ನ ಬಿಡ್ರಿ."

ಆ ಲಿಂಗವಂತ ಮುದುಕ, ಕಣ್ಣು ಮಿಟುಕಿಸದೆ. ನಾನು ಹುಟ್ಟಿದಾಗಿನಿಂದ ಇದೇ ಸುಳ್ಳಿನ ಕಸುಬಿನಲ್ಲಿದ್ದೇನೆ. ಇಂಥ ಕೆಲಸ ನನ್ನ ಕೈಯಿಂದ ಒಂದೂ ಆಗಿಲ್ಲ. ಟೀಚರ್ ಅಪ್ಪನನ್ನೇ ನೋಡುತ್ತಿದ್ದರು, ಮೊದಲ ಸಲ ನೋಡುವವರಂತೆ.

ಆದರೆ ಸವದತ್ತಿಯ ಮಾವ ಕುರ್ಚಿಯಲ್ಲಿ ಮುಂದೆ ಸರಿದರು. "ರಸಾ ಅಂದ್ರ ಕುದಿಸಿದ್ದಲ್ರೀ. ಡಾಕ್ಟರ್ ಹೇಳಿದ್ದು ಅರಬೆಂದದ್ದು."

"ಲಗೂನ ಇಳಿಸಿದೆ. ಮನ್ಯಾಕಿ ಹೊಲದಿಂದ ಬರೋದ್ರಾಗ ಇಳಸಬೇಕಿತ್ತು."

"ಹೌದೇನು. ಎಲ್ಲಿ ಮುರದಿತ್ತು ಕಾಲು?"

"ಎಡಗಾಲು. ಮೊಣಕಾಲ ಕೆಳಗ."

ಮಾವನ ಮುಖದಲ್ಲಿ ನಗು ಅರಳಿತು. "ಈಗರ ಬಲಗಾಲು ಅಂದ್ರಿ?"

ಮುದುಕರ ಗಂಟಲು ಮೇಲೆ ಹೋಗಿ ಕೆಳಗೆ ಬಂತು. ನನ್ನ ತಲೆಯಲ್ಲಿ ನೂರು ಸುಳ್ಳು ಓಡಿದವು, ಒಂದೂ ನಾಲಿಗೆಗೆ ಬರಲಿಲ್ಲ. ಟೀಚರ್ ಗೋಡೆ ಬಿಟ್ಟು ನೆಟ್ಟಗೆ ಕುಳಿತರು. ಕ್ಲಾಸಿನಲ್ಲಿ ಯಾರಾದರೂ ತಪ್ಪು ಹೇಳಿದಾಗ ಹೀಗೇ ಕೂರುತ್ತಿದ್ದರು. ಮುಗಿಯಿತು, ಈಗ ಅಪ್ಪನನ್ನೂ ಎರೆಹುಳು ಮಾಡುತ್ತಾರೆ ಎಂದುಕೊಂಡೆ.

"ಎಡಗಾಲು ರೀ ಮಾವಾ," ಎಂದರು ಟೀಚರ್. ಒಡೆದ ಧ್ವನಿ, ಆದರೆ ಅಳುಕಿಲ್ಲ. "ಅಪ್ಪ ಮೊದಲ ತಪ್ಪ ಹೇಳಿದ."

ಮಾವನ ನಗು ಇದ್ದಲ್ಲೇ ನಿಂತಿತು.

ಅತ್ತೆ ಚಾಪೆಯಿಂದ ಸರಿದು ಬಂದು ಸೊಸೆಯ ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡರು. ಮೊಣಕಾಲ ಕೆಳಗೆ, ಎಂದೂ ಮುರಿಯದ ಆ ಎಲುಬಿನ ಮೇಲೆ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಹೋದರು. ಒಂದು ಕಡೆ ನಿಂತರು. ಅಲ್ಲೇ ಮತ್ತೆ ಒತ್ತಿದರು.

"ಗಂಟು ಇನ್ನೂ ಐತಿ ನೋಡವ್ವಾ," ಎಂದರು, ಕಣ್ಣೊರೆಸಿಕೊಂಡು. ಆಮೇಲೆ ಅಣ್ಣನ ಕಡೆ ತಿರುಗಿದರು. "ನಾಳಿನ ಬಸ್ಸಿಗೆ ನೀ ಒಬ್ಬಾವನ ಹೋಗು."